ಲೌಟೋಕಾದಿಂದ ವಾಪಸು ಬಂದ ಮಗ್ಗ

ಬಾರ್ವನ್ ನದಿಯ ಮೇಲೆ ಮಧ್ಯಾಹ್ನದಿಂದಲೇ ಮಳೆ ಹಿಡಿದಿತ್ತು. ಹುಲ್ಲಿನ ಮೇಲೆ ಚೆಂಡುರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಹುಲ್ಲುಹಾಸು ಕೆರೆಯಾಗಿ, ಆಟ ನಿಂತು, ಬಂದವರೆಲ್ಲ ಒಳಗೆ ಹೀಟರಿನ ಸುತ್ತ ಕುರ್ಚಿ ಎಳೆದುಕೊಂಡು ಕೂತಿದ್ದರು. ಟೀವಿಯಲ್ಲಿ ಮಂತ್ರಿಯೊಬ್ಬ ಹಳದಿ ಹೆಲ್ಮೆಟ್ ಹಾಕಿಕೊಂಡು, ಹೊರದೇಶಕ್ಕೆ ಹೋದ ಕಾರ್ಖಾನೆಗಳನ್ನೆಲ್ಲ ಮನೆಗೆ ಕರೆತರುತ್ತೇವೆ ಎನ್ನುತ್ತಿದ್ದ.

ಬಾರಿನ ಹಿಂದೆ ಗ್ಲಾಸು ಒರೆಸುತ್ತಿದ್ದ ನೊಲೀನ್ ಕೇಳಿದಳು: "ನಿಜವಾಗ್ಲೂ ಬರ್ತಾವಾ ಕ್ಲಾರಿ? ನಮ್ಮ ಕಂಬಳಿ ಮಿಲ್ಲೂ ಮತ್ತೆ ಶುರುವಾಗುತ್ತಂತಲ್ಲ."

ಕ್ಲಾರಿ ಪ್ಯಾಸ್ಕೊ ಆ ಮಿಲ್ಲಿನ ಮಗ್ಗಗಳನ್ನು ರಿಪೇರಿ ಮಾಡುತ್ತಲೇ ಮುದುಕನಾದವನು. ಟೀವಿ ಆರಿಸುವಂತೆ ಕೈಸನ್ನೆ ಮಾಡಿ, ಬಿಯರಿನ ನೊರೆ ಒರೆಸಿಕೊಂಡು ಶುರುಮಾಡಿದ.

"ಬರದೇ ಏನು... ಒಂದ್ಸಲ ಬಂದಿತ್ತಲ್ಲ. ಬರೋವಾಗ ಒಂಟಿಯಾಗಿ ಬರಲ್ಲ, ಅಷ್ಟೆ. ನೀವೆಲ್ಲ ಆಮೇಲೆ ಈ ಊರಿಗೆ ಬಂದೋರು, ನಿಮಗೆ ಗೊತ್ತಿಲ್ಲ. ಹತ್ರ ಬನ್ನಿ, ನನ್ನ ಗಂಟಲಲ್ಲಿ ಮೊದಲಿನ ಜೋರಿಲ್ಲ.

"ನನ್ನ ನಾದಿನಿ ಬೆರಿಲ್ ಕ್ವಿನ್ಲನ್ ಅಂತ. ಹದಿನೈದನೇ ವಯಸ್ಸಿಗೆ ಮಗ್ಗದ ಮುಂದೆ ನಿಂತೋಳು. ಅವಳು ನೇಯ್ದ ಕಂಬಳಿ ಈ ಊರಿನ ಎಷ್ಟು ತೊಟ್ಟಿಲನ್ನ ಬೆಚ್ಚಗಿಟ್ಟಿತ್ತೋ ಲೆಕ್ಕ ಇಟ್ಟೋರಿಲ್ಲ. ಆಗ ಮಾಲೀಕ ಲೈಲ್ ಡ್ರೇಕ್‌ಫರ್ಡ್. ಇಲ್ಲಿ ಕೂಲಿ ಜಾಸ್ತಿ, ಫೀಜಿಯಲ್ಲಿ ಕಮ್ಮಿ ಅಂತ ಮಗ್ಗಗಳನ್ನೆಲ್ಲ ಬಿಚ್ಚಿಸಿ ಅಲ್ಲಿನ ಲೌಟೋಕಾ ಬಂದರಿಗೆ ಹಡಗು ಹತ್ತಿಸಿದ. ಹತ್ತಿಸಿದ್ದಷ್ಟೇ ಅಲ್ಲ... ಅಲ್ಲಿನ ಹೆಣ್ಣುಮಕ್ಕಳಿಗೆ ಕೆಲಸ ಕಲಿಸಿ ಬಾ ಅಂತ ಬೆರಿಲ್‌ನೇ ಕಳಿಸಿದ. ನಿನ್ನ ಕೆಲಸ ಕಿತ್ಕೊಳ್ಳೋರಿಗೆ ನೀನೇ ಪಾಠ ಹೇಳು ಅಂದ್ರೆ ಹೇಗಿರುತ್ತೆ? ಹಲ್ಲು ಕಚ್ಚಿಕೊಂಡು ಹೋದ್ಲು.

"ಅಲ್ಲಿ ಅವಳ ಮಗ್ಗಕ್ಕೆ ಬಂದೋಳು ಲಿಟಿಯಾ. ಕಿವಿ ಹಿಂದೆ ದಾಸವಾಳ, ತಲೆ ತುಂಬ ತೆಂಗಿನೆಣ್ಣೆ, ನಕ್ಕರೆ ಮಗ್ಗದ ಸದ್ದೇ ಕೇಳ್ತಿರಲಿಲ್ಲವಂತೆ. ದಿನಾ ಮನೆಯಿಂದ ತೆಂಗಿನ ಹಾಲಲ್ಲಿ ಬೇಯಿಸಿದ ಮೀನು, ಮರಗೆಣಸು ತಂದು ಬೆರಿಲ್‌ಗೆ ಬಲವಂತ ಮಾಡಿ ತಿನ್ನಿಸೋಳು. ವಾಪಸ್ ಬಂದ ಬೆರಿಲ್ ನನ್ನ ಹತ್ರ, 'ನೆಮ್ಮದಿಯಾಗಿ ಹೊಟ್ಟೆ ಉರ್ಕೊಳ್ಳೋಕೂ ಬಿಡಲ್ಲ ಕಣೋ ಆ ಹುಡುಗಿ' ಅಂದಿದ್ಲು.

"ಆಮೇಲೆ ಅಲ್ಲಿ ಬೆಂಕಿ ಬಿತ್ತು. ಹುಡುಗೀರು ಕೆಲಸದ ನಡುವೆ ಅಂಗಳಕ್ಕೆ ಹೋಗಿ ಹರಟೆ ಹೊಡೀತಾರೆ ಅಂತ ಡ್ರೇಕ್‌ಫರ್ಡ್ ಹಿಂದಿನ ಬಾಗಿಲಿಗೆ ಸರಪಳಿ ಹಾಕಿಸಿದ್ದ. ಹೆಣಗಳೆಲ್ಲ ಆ ಬಾಗಿಲ ಹತ್ರಾನೇ ಸಿಕ್ಕಿದ್ದು... ಲಿಟಿಯಾದೂ ಅಲ್ಲೇ. ಅವನೇನಂದ ಗೊತ್ತಾ? ಅಲ್ಲಿನ ಮೇಸ್ತ್ರಿ ತಪ್ಪು ಅಂದ. ಕೈ ತೊಳ್ಕೊಂಡ.

"ಮುಂಭಾಗದ ಮಗ್ಗಗಳು ಉಳಿದಿದ್ವು, ಲಿಟಿಯಾ ನೇಯ್ತಿದ್ದ ಬೆರಿಲ್‌ನ ಮಗ್ಗವೂ. ವರ್ಷಗಳಾದ ಮೇಲೆ ಹಡಗಿನ ಬಾಡಿಗೆ ಏರ್ತು, ಕಾರ್ಖಾನೆ ವಾಪಸ್ ತರೋರಿಗೆ ಸರ್ಕಾರ ದುಡ್ಡು ಕೊಡೋಕೆ ನಿಂತಿತು. ಡ್ರೇಕ್‌ಫರ್ಡ್‌ಗೆ ದೇಶಪ್ರೇಮ ಉಕ್ಕಿತು. ಬ್ಯಾಂಡೇನು, ಬಾವುಟವೇನು... ಅದೇ ಮಗ್ಗಗಳು, ಅದೇ ಶೆಡ್ಡು. ನಾವೂ ಚಪ್ಪಾಳೆ ತಟ್ಟಿದ್ವಿ. ಕೆಲಸ ಬೇಕಿತ್ತಲ್ಲ? ನೇಯೋದು ಗೊತ್ತಿದ್ದೋರು ಯಾರೂ ಉಳಿದಿರಲಿಲ್ಲ ಅಂತ ಮುದುಕಿ ಬೆರಿಲ್‌ನ ಮತ್ತೆ ಕರೆಸಿದರು.

"ಮೊದಲನೇ ವಾರವೇ ಅವಳ ಮಗ್ಗದ ಸುತ್ತ ತೆಂಗಿನೆಣ್ಣೆ ವಾಸನೆ. 'ಏನ್ ಬೆರಿಲ್, ಈ ವಯಸ್ಸಲ್ಲಿ ಯಾರಿಗೋಸ್ಕರ ಸಿಂಗಾರ?' ಅಂತ ನಾವು ಕಾಲೆಳೆದ್ವಿ. ಆಮೇಲೆ ಬಿಳಿ ಕಂಬಳಿ ಮೇಲೆ ಕರೀ ಅಂಗೈ ಗುರುತು ಬರೋಕೆ ಶುರುವಾಯ್ತು. ಮಸಿ. ಒಗೆದ್ರೂ ಹೋಗ್ತಿರಲಿಲ್ಲ. ಬೆರಿಲ್ ಮಾತ್ರ ನಗಲಿಲ್ಲ, ಹೆದರಲೂ ಇಲ್ಲ.

"ಒಂದಿನ ಟೀ ವೇಳೇಲಿ ಅವಳು ಮರೆತು ಬಂದ ಕನ್ನಡಕ ತರೋಕೆ ಒಳಗೆ ಹೋದ್ಲು. ಹಾಡುಹಗಲು, ದೀಪ ಎಲ್ಲ ಉರೀತಿದ್ವು. ಮಗ್ಗದ ಮುಂದೆ ಲಿಟಿಯಾ ನಿಂತಿದ್ಲು, ಬೆನ್ನು ಈ ಕಡೆ. ದಾಸವಾಳ ಆಗಷ್ಟೇ ಕಿತ್ತ ಹಾಗಿತ್ತಂತೆ. 'ಬೂಲಾ, ಬೆರಿಲ್' ಅಂದ್ಲು, ಅವರಲ್ಲಿ ನಮಸ್ಕಾರ ಅನ್ನೋ ಹಾಗೆ. ತಿರುಗಲಿಲ್ಲ... ಕೈ ಎತ್ತಿ ಹಿಂದಕ್ಕೆ ತೋರಿಸಿದ್ಲು. ಬೆರಿಲ್ ಉಣ್ಣೆ ಮೂಟೆಗಳ ಹಿಂದೆ ಹೋಗಿ ನೋಡ್ತಾಳೆ, ನಮ್ಮ ಹಿಂಬಾಗಿಲಿಗೂ ಹೊಸಾ ಸರಪಳಿ, ಬೀಗ.

"ನೆಟ್ಟಗೆ ಡ್ರೇಕ್‌ಫರ್ಡ್ ಹತ್ರ ಹೋದ್ಲು. ನಾನೂ ಜೊತೇಲಿದ್ದೆ.

"'ಅದನ್ನ ತೆಗೆಸಿ, ಲೈಲ್.'

"'ಯಾಕೆ? ನೀವು ಹಿಂದೆ ಹೋಗಿ ಸಿಗರೇಟು ಸೇದ್ತಾ ನಿಲ್ಲೋಕಾ ನಾನು ಇದನ್ನೆಲ್ಲ ವಾಪಸ್ ತಂದಿದ್ದು? ಅಲ್ಲಿನ ಹಾಗೆ ಹದ್ದುಬಸ್ತಲ್ಲಿ ಇಟ್ಟರೇನೇ ಇಲ್ಲಿ ಗಿಟ್ಟೋದು.'

"ಬೆರಿಲ್, 'ಸರಿ. ಕೀಲಿ ನಿಮ್ಮ ಜೇಬಲ್ಲೇ ಇರ್ಲಿ. ಬೇರೆ ಯಾರಿಗೂ ಕೊಡಬೇಡಿ' ಅಂದ್ಲು.

"ಮಾರನೇ ದಿನ ಟೀ ವೇಳೆಗೆ ಒಬ್ಬರನ್ನೂ ಬಿಡದೆ ಮುಂದಿನ ಅಂಗಳಕ್ಕೆ ಕರ್ಕೊಂಡು ಬಂದ್ಲು. ಒಳಗೆ ಯಾರೂ ಇಲ್ಲ, ಆದ್ರೆ ಅವಳ ಮಗ್ಗ ಓಡೋಕೆ ಶುರುವಾಯ್ತು. ಕರೆಂಟು ದಂಡ ಅಂತ ಬೈಕೊಂಡು ಡ್ರೇಕ್‌ಫರ್ಡ್ ಒಳಗೆ ನುಗ್ಗಿದ. ಮುಂಬಾಗಿಲು ಅವನ ಹಿಂದೆ ಜಾರಿ ಮುಚ್ಕೊಳ್ತು. ಆ ಬಾಗಿಲಿಗೆ ಬೀಗವೇ ಇರಲಿಲ್ಲ ಕಣ್ರೀ. ನಾನು, ಇನ್ನಿಬ್ಬರು ಗಟ್ಟಿಗರು ಹೆಗಲು ಕೊಟ್ಟು ತಳ್ಳಿದ್ವಿ, ಅಲುಗಲಿಲ್ಲ. ಒಳಗಿಂದ 'ಬೆಂಕಿ, ಹೊಗೆ' ಅಂತ ಕಿರುಚಾಟ. ಕಿಟಕೀಲಿ ಇಣುಕಿದ್ರೆ... ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಶುಭ್ರವಾದ ಬೆಳಕಲ್ಲಿ ಆ ಮನುಷ್ಯ ಕೆಮ್ಮುತ್ತಾ, ತೆವಳುತ್ತಾ, ಗೋಡೆ ತಡವುತ್ತಾ ಹಿಂಬಾಗಿಲ ಕಡೆ ಹೋಗ್ತಿದ್ದ.

"ಗಾಜು ಒಡೆಯೋಣ ಅಂತ ಯಾರೋ ಕಲ್ಲೆತ್ತಿದರು. ಬೆರಿಲ್ ಕೂತಲ್ಲಿಂದ ಏಳಲಿಲ್ಲ. 'ಟೀ ಆರಿಹೋಗುತ್ತೆ, ಕುಡೀರಿ' ಅಂದ್ಲು. ಕಲ್ಲು ಕೆಳಗಿಳೀತು.

"ಸದ್ದಡಗಿದ ಮೇಲೆ ಬಾಗಿಲು ಬೆರಳಲ್ಲಿ ತಳ್ಳಿದ್ರೆ ಸರೀತು. ಹಿಂಬಾಗಿಲ ಹತ್ರ ಸತ್ತು ಬಿದ್ದಿದ್ದ, ಉಗುರೆಲ್ಲ ಕಿತ್ತು ಹೋಗಿತ್ತು. ಕೀಲಿ ಕೈಯಲ್ಲೇ ಇತ್ತು... ಅಂಗೈ ಮೇಲೆ ಅದರ ಆಕಾರ ಸುಟ್ಟು ಕೂತಿತ್ತು. ಡಾಕ್ಟರು ಹೃದಯಾಘಾತ ಅಂದ್ರು. ಗಂಟಲ ತುಂಬ ಮಸಿ ಹೇಗೆ ಬಂತು ಅಂತ ಕೇಳಿದ್ರೆ ಮಾತು ಬದಲಾಯಿಸಿದರು. ಮಿಲ್ಲು ಮತ್ತೆ ಮುಚ್ಚಿತು. ಕೆಲಸಾನೂ ಹೋಯ್ತು.

"ಬೆರಿಲ್ ಸಾಯೋ ಮುಂಚೆ ಒಂದ್ಸಲ ಕೇಳಿದೆ, ಒಂಚೂರೂ ಬೇಜಾರಾಗಲಿಲ್ವಾ ಅಂತ. 'ಆ ಹುಡುಗಿಗೆ ಮಗ್ಗ ಹೇಳಿಕೊಟ್ಟೆ ಕ್ಲಾರಿ, ಹೊರಗೆ ಹೋಗೋ ದಾರಿ ಹೇಳಿಕೊಡಲಿಲ್ಲ' ಅಂದ್ಲು. ಅಷ್ಟೇ."

ಮಳೆ ತಗ್ಗಿತ್ತು. ಮನೆಗೆ ಹೊರಡಲು ಯಾರೂ ಕೋಟು ಎತ್ತಿಕೊಳ್ಳಲಿಲ್ಲ. ಕೊನೆಗೆ ನೊಲೀನ್, "ಆ ಮಗ್ಗಗಳು ಏನಾದ್ವು?" ಎಂದಳು.

"ಏನಾಗ್ತವೆ... ಅಲ್ಲೇ ಇವೆ. ಮಿಲ್ಲು ಕೊಂಡವನು ಎಣ್ಣೆ ಬಿಡಿಸ್ತಿದ್ದಾನೆ. ನಗುಮುಖದ ಮನುಷ್ಯ. ನಿನ್ನೆ ನನ್ನ ಮಗಳ ಹಾರ್ಡ್‌ವೇರ್ ಅಂಗಡಿಗೆ ಬಂದಿದ್ದ, ಗಲ್ಲಾದಲ್ಲಿ ನಾನೇ ಕೂತಿದ್ದೆ. ಹಿಂಬಾಗಿಲಿಗೆ ಸರಪಳಿ ಬೇಕು ಅಂದ."

"ನೀನು ಅವನಿಗೆ ಇದನ್ನೆಲ್ಲ ಹೇಳಿದೆ ತಾನೆ?"

"ನಾನ್ಯಾಕೆ ಹೇಳ್ಲಿ?" ಕ್ಲಾರಿ ಗ್ಲಾಸಿನ ತಳ ಬರಿದು ಮಾಡಿದ. "ಗಟ್ಟಿ ಇರೋದೇ ತಗೊಳ್ಳಿ ಸ್ವಾಮಿ ಅಂತ ಆರಿಸಿ ಕೊಟ್ಟೆ."