ಮಾತಿನ ಮೇಲೆ ಕಿಟಕಿ

ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಹುಡುಗಿ, ಅವಳ ಚಿಕ್ಕಮ್ಮ. ಹುಡುಗಿಯ ಮಡಿಲಲ್ಲಿ ಕ್ಯಾಮೆರಾ ಚೀಲ.

"ಕಿವುಡರ ಸಂಘದ ವಿಡಿಯೋ ಕೆಡಿಸಿಬಿಟ್ಟೆ, ಚಿಕ್ಕಮ್ಮ."

"ಅಯ್ಯೋ, ಏನ್ ಮಾಡ್ದೆ?"

"ಒಬ್ರೇ ತುಂಬ ಹೊತ್ತು ಮಾತಾಡಿದ್ರೆ ಮಧ್ಯೆ ಬೇರೆ ದೃಶ್ಯ ಹಾಕು ಅಂತ ಕ್ಲಾಸಲ್ಲಿ ಹೇಳ್ಕೊಟ್ಟಿದ್ರು. ಅಧ್ಯಕ್ಷೆ ಮಾತಾಡೋವಾಗ ಕಿಟಕಿ, ಹೂಕುಂಡ ಎಲ್ಲ ಹಾಕ್ದೆ."

"ಹಾಕಿದ್ರೇನೀಗ? ಮಾತು ಕೇಳಿಸ್ತಾನೇ ಇರುತ್ತಲ್ಲ."

"ಅವ್ರು ಮಾತಾಡೋದೇ ಕೈಯಲ್ಲಿ!"

ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಬೈದ್ರಾ?"

"ಇಲ್ಲ. ವಿಡಿಯೋ ತೋರಿಸೋವಾಗ ಕಿಟಕಿ ಬಂದ ತಕ್ಷಣ ನಿಲ್ಲಿಸು ಅಂತ ಸನ್ನೆ ಮಾಡಿದ್ರು. ಏನ್ ತಪ್ಪಾಯ್ತು ಅಂತ ಕೇಳೋಕೆ ಬಾಯಿ ತೆಗೆದೆ. ಅಧ್ಯಕ್ಷೆ ನನ್ನ ಬಾಯಿಗೆ ಅಂಗೈ ಅಡ್ಡ ಇಟ್ಟು, ಪರದೆ ಮೇಲಿದ್ದ ಕಿಟಕಿ ತೋರಿಸಿದ್ರು."

"ಅಷ್ಟಕ್ಕೂ, ಅಷ್ಟು ಹೊತ್ತು ಏನ್ ಹೇಳ್ತಿದ್ರೇ ಅವ್ರು?"

ಹುಡುಗಿ ಚೀಲದ ಜಿಪ್ ಎಳೆದು ಬಿಟ್ಟಳು.

"ಅದನ್ನೇ ನಾನು ಕೇಳಿರಲಿಲ್ಲ. ಈಗ ಹೊರಟಿರೋದು ಅದಕ್ಕೇ."

ಬಸ್ ಬಂತು. ಹುಡುಗಿ ಹತ್ತಿದಳು.

"ಬಂದು ನಂಗೂ ಹೇಳೇ!" ಎಂದು ಚಿಕ್ಕಮ್ಮ ಬಸ್ಸಿನ ಹಿಂದೆಯೇ ನಾಲ್ಕು ಹೆಜ್ಜೆ ಓಡಿದರು.