ಬೀಗದೊಳಗಿನ ಉಳಿತಾಯ

ಬೀದರ ಬಸ್ ನಿಲ್ದಾಣದಲ್ಲಿ ಔರಾದ ಬಸ್ಸಿಗೆ ಕಾದು ಕೂತಿದ್ದ ಸುಭದ್ರಾಬಾಯಿಯ ಪಕ್ಕದಲ್ಲೇ ಆ ಮಾತು ಶುರುವಾಯಿತು. ಜನವಾಡದ ಗುಲಶನ, ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿ. ಮಚ್ಛೇಂದ್ರ ಅಲ್ಲಿನ ಕಂಪ್ಯೂಟರ್ ಲ್ಯಾಬಿನ ಬೀಗದ ಕೈ ಹಿಡಿದವನು.

“ಸರ್, ಸೋಮವಾರ ಪ್ರಾಕ್ಟಿಕಲ್ ಪರೀಕ್ಷಾ ಅದರಿ. ನಾಲ್ಕಕ್ಕೇ ಲ್ಯಾಬ್ ಮುಚ್ಚಿದ್ರ ಹ್ಯಾಂಗ್ರಿ?”

“ಕರೆಂಟ್ ಉಳಿಸ್ಬೇಕವ್ವಾ, ಬರಗಾಲ ಅದ. ಹಸಿರು ಕ್ಯಾಂಪಸ್ ಪ್ರಶಸ್ತಿಗಿ ನಾಳಿ ಸಾಹೇಬ್ರು ನೋಡ್ಲಕ ಬರ್ತಾರ.”

“ಮತ್ತ ಬೀಗ ಹಾಕಿದ ಮ್ಯಾಲೂ ಲ್ಯಾಬ್ ಒಳಗ ಗುಂಯ್ ಅಂತ ಸಪ್ಪಳ ಬರ್ತದಲ್ರಿ?”

“ಮಾನಿಟರ್ ಅಷ್ಟೇ ಆರಸೂದು. ಕಂಪ್ಯೂಟರ್ ಚಾಲೂ ಇರ್ತಾವ. ಬಂದ್ ಮಾಡಿದ್ರ ಮತ್ತ ಏಳೂದಿಲ್ಲ ಅಂತ ಲ್ಯಾಬ್ ಮೇಡಂಗ ಅಂಜಿಕಿ.”

“ಮತ್ತ ಎ.ಸಿ. ಯಾಕ ಚಾಲೂ ಇರ್ತದರಿ?”

“ಅವು ಬಿಸಿ ಆಗಬಾರ್ದಲ್ಲ.”

“ಭೇಷ್ ಆತ್ರಿ! ನಮ್ಮ ಅಬ್ಬಾ-ಅಮ್ಮಿ ಹೈದರಾಬಾದಿನ್ಯಾಗ ಬಿಸಿಲಾಗ ಇಟ್ಟಂಗಿ ಹೊತ್ತು ಫೀಸ್ ಕಟ್ಯಾರ, ನಾ ಹೊರಗ. ಕಂಪ್ಯೂಟರ್ ಒಳಗ ತಂಪಾಗಿ ಕೂತಾವ. ಸೋಮವಾರ ಪರೀಕ್ಷಾನೂ ಅವೇ ಬರೀಲಿ ಬಿಡ್ರಿ.”

ಸುಭದ್ರಾಬಾಯಿ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಭಾಲ್ಕಿ ಬಸ್ ಹೊರಟಿತು. ಮಚ್ಛೇಂದ್ರ ಓಡಿ ಹತ್ತಿ, ಕಿಟಕಿಯಿಂದ ತಲೆ ಹೊರಹಾಕಿದ.

“ನಾಳಿ ಸಾಹೇಬ್ರು ಲ್ಯಾಬ್ ದಾಟಿ ಮುಂದ ಹೋದ ಮ್ಯಾಲ ಬಾ, ಬೀಗ ತೆಗೀತೇನಿ. ಕಿಟಕಿ ಪಡದಾ ಮಾತ್ರ ಎಳ್ಕೊಂಡು ಕೂಡು. ಹೊರಗಿಂದ ಉಳಿತಾಯ ಕಾಣಬೇಕು!”