ಹಳದಿ ಕಾರಿನ ಹಿಂದೆ

ಹೂಂ, ಬಾ ಬಾ... ನಿಧಾನ! ಬ್ರೇಕು ಕಾಲಡಿ ಇಲ್ಲ ಮಹರಾಯ್ತಿ, ಕೀಬೋರ್ಡಲ್ಲಿದೆ. ನಗ್ತೀಯಾ? ನಗು, ನಗು. ಮದುವೆ ಆದಾಗಿಂದ ನೀನು ಹೇಳಿದ ಕಡೆಗೇ ನಾನು ತಿರುಗಿದ್ದೀನಿ, ಇವತ್ತೊಂದು ದಿನ ನೀನು ನನ್ನ ಹಿಂದೆ ಬಾ. ನಿನ್ನ ಲ್ಯಾಪ್‌ಟಾಪಲ್ಲಿ ವಿಮಾನ, ನನ್ನದರಲ್ಲಿ ದಾರಿ ತೋರಿಸೋ ಹಳದಿ ಕಾರು. ಇಳಿದಿರೋ ವಿಮಾನಾನ ಅದರ ಜಾಗಕ್ಕೆ ಮುಟ್ಟಿಸಬೇಕು, ಅಷ್ಟೇ ಆಟ.

ಏನು? ಕಣ್ಣಾ? ಎಷ್ಟು ಸಲ ಹೇಳ್ಲಿ! ಆಪರೇಷನ್ ಚೆನ್ನಾಗಾಗಿದೆ. ಡಾಕ್ಟ್ರು ಬೆನ್ನು ತಟ್ಟಿ ಕಳಿಸಿದ್ರು. ನಿನ್ನನ್ನ ಒಳಗೆ ಕರ್ಕೊಂಡು ಹೋಗ್ಲಿಲ್ಲ ಅಂತ ಇನ್ನೂ ಸಿಟ್ಟಾ? ನಾಳೆಯಿಂದ ಡ್ಯೂಟಿ ಕಣೇ. ನಾಳೆ ನನ್ನ ಕಾರಿನ ಹಿಂದೆ ನಿಜವಾದ ವಿಮಾನ ಬರುತ್ತೆ, ಹೊಟ್ಟೆ ತುಂಬ ಜನ ತುಂಬ್ಕೊಂಡು. ಕೈ ಪಳಗಿರಲಿ ಅಂತ ತಾನೇ ಆಟಕ್ಕೆ ನಮ್ಮ ಏರ್‌ಪೋರ್ಟನ್ನೇ ಸೇರಿಸೋ ಈ ಆ್ಯಡ್-ಆನ್ ಹಾಕ್ಸಿದ್ದು!

ಈಗ ಎಡಕ್ಕೆ. ನೆಲದ ಮೇಲೆ ಹಸಿರು ದೀಪದ ಸಾಲು ಇದೆಯಲ್ಲ, ಅದನ್ನೇ ಹಿಡ್ಕೊಂಡು ಬಾ... ಥೂ! ಮುಂದೆ ಹಸಿರೇ ಇಲ್ಲ! ಅರ್ಧ ದಾರೀಲಿ ದೀಪ ಹಾಕೋದೇ ಮರೆತಿದ್ದಾನೆ, ಯಾವ ಪುಣ್ಯಾತ್ಮ ಮಾಡಿದ್ನೋ ಇದನ್ನ. ಇರಲಿ, ಈ ದಾರಿ ನನಗೆ ಬಾಯಿಪಾಠ. ಈ ರನ್‌ವೇ ದಾಟಿದ್ರೆ ಆಯ್ತು. ಬಾ.

ಬಾ ಅಂದೆ... ಯಾಕೆ ನಿಂತೆ? ಕಾರಿನ ಕನ್ನಡೀಲಿ ಕಾಣ್ತಿದೆ, ಅಲ್ಲೇ ನಿಂತಿದ್ದೀಯ. ಏಯ್, ತಮಾಷೆ ಬೇಡ, ನಾನಿಲ್ಲಿ ರನ್‌ವೇ ಮಧ್ಯ... ಅಯ್ಯಯ್ಯೋ! ಎಲ್ಲಿಂದ ಬಂತದು? ಇನ್ನೊಂದು ವಿಮಾನ, ನನ್ನ ಮೇಲೇ ಇಳೀತಲ್ಲೇ! ನೋಡಿದ್ಯಾ, ಆ್ಯಡ್-ಆನ್ ಸರಿ ಇಲ್ಲ. ಹೌದು ತಾನೇ?

ಯಾಕೆ ಹಾಗೆ ನೋಡ್ತೀಯಾ? ಲ್ಯಾಪ್‌ಟಾಪ್ ಯಾಕೆ ಇತ್ತ ತಿರುಗಿಸ್ತಿದ್ದೀಯಾ? ಏನು ಬೆರಳಿಟ್ಟು ತೋರಿಸ್ತಿರೋದು? ಬರೀ ಕಪ್ಪು ನೆಲ. ಈ ತುದಿಯಿಂದ... ಆ ತುದಿವರೆಗೂ...

ಕೆಂಪಾ? ಅಡ್ಡಕ್ಕೆ, ಪೂರ್ತಿ ಒಂದು ಸಾಲು?

ಅದಕ್ಕೇ ನಿಂತೆಯಾ ನೀನು...

ರನ್‌ವೇ ಮುಂದೆ ಅಡ್ಡಕ್ಕೆ ಕೆಂಪು ಹತ್ತಿದ್ರೆ ದಾಟೋ ಹಾಗಿಲ್ಲ, ಮುಂದಿನ ಹಸಿರೂ ಆರುತ್ತೆ. ಹೊಸದಾಗಿ ಸೇರಿದವರಿಗೆಲ್ಲ ನಾನೇ ಹೇಳ್ಕೊಡೋ ಮೊದಲ ಪಾಠ ಇದು. ಹಸಿರು ಇಲ್ಲ ಅಂದಾಗಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ ನಾನು.

ಬೈಯೇ. ಬೈದ್ರೂ ಪರವಾಗಿಲ್ಲ... ಡಾಕ್ಟ್ರು ಬೆನ್ನು ತಟ್ಟಿದ್ದು ಸುಳ್ಳಲ್ಲ ಕಣೇ. ಸಮಾಧಾನ ಮಾಡೋಕೆ ತಟ್ಟಿದ್ರು.

ಫೋನ್ ತಗೋ. ನಮ್ಮ ಸೂಪರ್‌ವೈಸರ್‌ಗೆ ಮಾಡಿ ಕೊಡು, ಹೇಳೋದು ನಾನೇ ಹೇಳ್ತೀನಿ. ಕೊನೇಲಿ ಕೆಂಪು ಗುಂಡಿ ಒತ್ತಿ ಕಟ್ ಮಾಡೋದು ಮಾತ್ರ ನೀನೇ ಮಾಡು.